ಎರಡು ದಾಳ ಒಂದಾಗದಂತೆ

ಎಕ್ಸ್ + ಎಕ್ಸ್ ಕಂಡರೆ 2ಎಕ್ಸ್ ಮಾಡುವುದು ಬೀಜಗಣಿತ ಬಿಡಿಸುವ ಕ್ಯಾಲ್ಕುಲೇಟರ್‌ನ ಧರ್ಮ. ಅದೇ ನಿಯಮ ರ‍್ಯಾಂಡಮ್ ಸಂಖ್ಯೆಗೂ ಹತ್ತಿದರೆ ಲೆಕ್ಕ ಕೆಟ್ಟಿತು. ದಾಳ() ಅಂದರೆ ಒಮ್ಮೆ ದಾಳ ಹಾಕಿದಾಗ ಬೀಳುವ ಸಂಖ್ಯೆ; ದಾಳ() + ದಾಳ() ಎಂಬುದು 2×ದಾಳ() ಆಗಿಬಿಟ್ಟರೆ ಬರೀ ಸಮಸಂಖ್ಯೆ ಬೀಳುತ್ತದೆ. ನಿಜವಾಗಿ ಎರಡು ದಾಳ ಹಾಕಿದಾಗ ಎಲ್ಲಕ್ಕಿಂತ ಹೆಚ್ಚು ಬೀಳುವ 7 (36ರಲ್ಲಿ 6 ಸಲ) ಬರುವುದೇ ಇಲ್ಲ. ಸರಾಸರಿ ಮಾತ್ರ ಎರಡರಲ್ಲೂ 7, ಹಾಗಾಗಿ ಸರಾಸರಿ ನೋಡಿ ಟೆಸ್ಟ್ ಮಾಡಿದರೆ ತಪ್ಪು ಸಿಕ್ಕುವುದಿಲ್ಲ. ರ‍್ಯಾಂಡ್()×ರ‍್ಯಾಂಡ್() ಟೆಸ್ಟಿಗೆ ಒಳ್ಳೆಯದು (ರ‍್ಯಾಂಡ್() ಅಂದರೆ 0 ಮತ್ತು 1ರ ನಡುವಿನ ಒಂದು ರ‍್ಯಾಂಡಮ್ ಸಂಖ್ಯೆ): ಸರಾಸರಿ 1/4 ಬರಬೇಕು, 1/3 ಬಂದರೆ ಯಾರೋ ಒಳಗೆ ವರ್ಗ ಮಾಡಿದ್ದಾರೆ.

ಬೆಂಗಳೂರಿನ ಪಿಯು ವಿದ್ಯಾರ್ಥಿಗಳಿಗೆಂದು ಬರೆದ ಕ್ಯಾಲ್ಕುಲೇಟರ್ ಆ್ಯಪ್‌ನಲ್ಲಿ ನಾನು ಮಾಡಿದ್ದು ಇಷ್ಟು. ಟೈಪ್ ಮಾಡಿದ್ದನ್ನು ಪಾರ್ಸ್ ಮಾಡುವಾಗಲೇ (ಓದಿ ಬಿಡಿ ಭಾಗಗಳಾಗಿ ಗುರುತಿಸುವಾಗಲೇ) ಪ್ರತಿ ರ‍್ಯಾಂಡ್()ಗೂ ಒಂದೊಂದು ಕ್ರಮಸಂಖ್ಯೆ: ರ1, ರ2. ಸುಲಭ ರೂಪಕ್ಕೆ ತರುವ ಭಾಗಕ್ಕೆ ಇವು ಬೇರೆ ಬೇರೆ ಚರಾಕ್ಷರಗಳು, ಆದ್ದರಿಂದ ರ1 − ರ2 ಸೊನ್ನೆಯಾಗುವುದಿಲ್ಲ.

ನಿಜವಾದ ತೊಡಕು ವಿಸ್ತರಣೆಯಲ್ಲಿದೆ. (ರ1 − 0.5)² ಬಿಡಿಸಿದರೆ ರ1² − ರ1 + 0.25. ಈಗ ರ1 ಎರಡು ಕಡೆ ಇದೆ. ಬೆಲೆ ಹಾಕುವಾಗ ಕಂಡಕಂಡಲ್ಲಿ ಹೊಸ ಸಂಖ್ಯೆ ತೆಗೆದರೆ, ಮೊದಲ ಸಲ 0.1, ಎರಡನೇ ಸಲ 0.9 ಬಂತು ಅನ್ನಿ: 0.01 − 0.9 + 0.25 = −0.64. ವರ್ಗದ ಬೆಲೆ ಋಣ! ಅದಕ್ಕೇ ಪ್ರತಿ ಕ್ರಮಸಂಖ್ಯೆಗೆ ಒಂದೇ ಸಲ ಸಂಖ್ಯೆ ತೆಗೆದು ಪಟ್ಟಿಯಲ್ಲಿಡಬೇಕು. ‘=’ ಒತ್ತಿದಾಗಲೆಲ್ಲ ಪಟ್ಟಿ ಖಾಲಿ ಮಾಡಬೇಕು; ಮರೆತರೆ ಎಷ್ಟು ಒತ್ತಿದರೂ ಅದೇ ಉತ್ತರ.

ಸಂಕಲನ ಚಿಹ್ನೆ (Σ)ಯೊಳಗೆ ಕ್ರಮಸಂಖ್ಯೆಯೊಂದೇ ಸಾಲದು. 1ರಿಂದ 100ರವರೆಗೆ ರ‍್ಯಾಂಡ್() ಕೂಡಿಸು ಅಂದರೆ ಪಾರ್ಸರ್ ಕಾಣುವುದು ಒಂದೇ ಕರೆ. ಸೂಚ್ಯಂಕ (1ರಿಂದ 100ರವರೆಗೆ ಎಣಿಸುವ ಚರಾಕ್ಷರ) ಒಳಗಿಲ್ಲವಲ್ಲ ಎಂದು ಅದನ್ನು 100×ರ1 ಮಾಡಿದರೆ ಮಾನಕ ವಿಚಲನೆ (ಉತ್ತರಗಳು ಸರಾಸರಿಯಿಂದ ಎಷ್ಟು ಚದುರುತ್ತವೆ ಎಂಬ ಅಳತೆ) 2.89 ಇರಬೇಕಾದ್ದು 28.9ಕ್ಕೆ ಹಾರುತ್ತದೆ. ಇಲ್ಲಿ ಗುರುತು ಜೋಡಿಯಾಗಿರಬೇಕು: ಕ್ರಮಸಂಖ್ಯೆ ಮತ್ತು ಸೂಚ್ಯಂಕ.

ಸೀಡ್ (ರ‍್ಯಾಂಡಮ್ ಸಂಖ್ಯೆಗಳ ಸಾಲನ್ನು ಶುರುಮಾಡುವ ಸಂಖ್ಯೆ) ಕೊಟ್ಟವರು ಪ್ರತಿ ಸಲವೂ ಅದೇ ಉತ್ತರ ನಿರೀಕ್ಷಿಸುತ್ತಾರೆ. ಸುಲಭ ರೂಪಕ್ಕೆ ತರುವಾಗ ಪದಗಳು ಹಿಂದುಮುಂದಾಗುತ್ತವೆ, ಕೆಲವು ಮಾಯವೂ ಆಗುತ್ತವೆ. 0×ರ1 ಅನ್ನು 0 ಮಾಡುವುದು ಸರಿಯೇ, ಆದರೆ ರ1ರ ಪಾಲಿನ ಸಂಖ್ಯೆ ತೆಗೆಯದೆ ಬಿಟ್ಟರೆ ಅದು ರ2ಗೆ ಹೋಗುತ್ತದೆ. ಹಾಗಾಗಿ ಟೈಪ್ ಮಾಡಿದ ಮೂಲ ರೂಪದ ಕ್ರಮದಲ್ಲೇ ಎಲ್ಲ ಸಂಖ್ಯೆಗಳನ್ನೂ ಮೊದಲು ತೆಗೆದಿಟ್ಟು, ಆಮೇಲೆ ಬೆಲೆ ಹಾಕುತ್ತೇನೆ.