ವಾಟ್ ಏರಿಸದೇ ಹಿಂದಿನ ಸಾಲಿಗೆ ಪದ್ಯ ಕೇಳಿಸಿದ್ದು: ನನ್ನ ಅನುಭವ

ಯಕ್ಷಗಾನ ಬಯಲಾಟಕ್ಕೆ ಮೈಕ್‌ಸೆಟ್ ಹಾಕೋರಿಗೆ ಗೊತ್ತೇ ಇದೆ, ಕಮಿಟಿಯವರು ಮೊದ್ಲು ಕೇಳೋದು "ಎಷ್ಟು ವಾಟ್ ತರ್ತೀರಿ" ಅಂತ. ಹತ್ತು ಇಂಚಿನ ಬಾಕ್ಸ್‌ಗಳಲ್ಲೇ ಆಟ ಮಾಡಿಸ್ತೀನಿ ಅಂದಾಗ ನಮ್ಮ ಸೆಟ್‌ನೋರೇ "ಅದು ಮದುವೆ ಮನೆಗೆ ಸರಿ ಮಾರಾಯ, ಚಂಡೆ ಎದ್ರು ನಿಲ್ಲಲ್ಲ" ಅಂದಿದ್ರು. ಈಗ ಒಂದೆರಡು ಸೀಸನ್ ಆಯ್ತು, ನಿಂತಿದೆ, ಅದಕ್ಕೇ ಬರೀತಿದೀನಿ.

ದುಡ್ಡಿನ ವಿಷಯ ಮೊದ್ಲು. ಹಿಂದೆ ಕೇಳಲ್ಲ ಅಂದಾಗೆಲ್ಲ ನಾವು ಮಾಡೋದು ಆಂಪ್ (ಆಂಪ್ಲಿಫೈಯರ್) ದೊಡ್ಡದು ತರೋದು. ಸಾವಿರ ವಾಟಿಂದ ಎರಡು ಸಾವಿರಕ್ಕೆ ಹೋದ್ರೆ ಸಿಗೋದು ಬರೀ 3 ಡಿಬಿ (ಡೆಸಿಬೆಲ್, ಸೌಂಡ್ ಅಳೆಯೋ ಲೆಕ್ಕ), ಜನರ ಕಿವಿಗೆ ಡಬಲ್ ಅನ್ನಿಸ್ಬೇಕಂದ್ರೆ ಹತ್ತಿರಹತ್ತಿರ 10 ಡಿಬಿ ಬೇಕು, ಅಂದ್ರೆ ಹತ್ತು ಪಟ್ಟು ವಾಟ್. ನಂಬಿಕೆ ಬರ್ಲಿಲ್ಲ, ಗೋಡೌನಲ್ಲಿ ಹುಡುಗರನ್ನ ಬೆನ್ನು ಹಾಕಿ ಕೂರಿಸಿ ಒಂದೇ ಪದ್ಯ ಮತ್ತೆ ಮತ್ತೆ ಹಾಕಿ ಫೇಡರ್ (ಮಿಕ್ಸರಿನ ವಾಲ್ಯೂಮ್ ಪಟ್ಟಿ) ಏರಿಸ್ತಾ ಹೋದೆ. 1 ಡಿಬಿ ಯಾರಿಗೂ ಗೊತ್ತಾಗ್ಲಿಲ್ಲ, 3ಕ್ಕೆ "ಏನೋ ಸ್ವಲ್ಪ ಜಾಸ್ತಿ ಆದಂಗಿದೆ" ಅಂದ್ರು, 9-10ಕ್ಕೆ ಬಂದ್ಮೇಲೆ "ಹಾಂ, ಈಗ ಡಬಲ್" ಅಂದ್ರು. ಆ "ಏನೋ ಸ್ವಲ್ಪ"ಕ್ಕೆ ಆಂಪ್, ಜನರೇಟರ್, ಡೀಸೆಲ್ ಎಲ್ಲ ಸೇರಿ ಲಕ್ಷದ ಮೇಲೆ ಹೋಗಿತ್ತು.

ಅಳೆಯೋದು ಅದಕ್ಕಿಂತ ಕಷ್ಟ ಆಯ್ತು. ಫೋನ್ ಆಪ್ ಚಂಡೆ ಪೆಟ್ಟಿಗೆ ಒಂದೇ ನಂಬರಲ್ಲಿ ನಿಂತುಬಿಡತ್ತೆ, ಮೇಲೆ ಹೋಗೋದೇ ಇಲ್ಲ. ಎರಡು-ಮೂರು ಸಾವಿರ ರೂಪಾಯಿಯ ಸೌಂಡ್ ಮೀಟರ್ ತಂದೆ, ಒಂದೇ ಜಾಗದಲ್ಲಿ ಇವತ್ತೊಂದು ನಂಬರ್ ನಾಳೆ ಇನ್ನೊಂದು. ಕೊನೆಗೆ ಸೆಕೆಂಡ್‌ಹ್ಯಾಂಡಲ್ಲಿ ಕ್ಲಾಸ್ 2 ಮೀಟರು (ನಿಖರತೆಗೆ ಸ್ಟ್ಯಾಂಡರ್ಡ್ ಇರೋದು), ಜೊತೆಗೆ 94 ಡಿಬಿ ಕ್ಯಾಲಿಬ್ರೇಟರು (ಗೊತ್ತಿರೋ ಸೌಂಡ್ ಕೊಟ್ಟು ಮೀಟರ್ ಸರಿ ಇದೆಯಾ ನೋಡೋದು), ಎರಡೂ ಸೇರಿ ಇಪ್ಪತ್ತೈದು ಸಾವಿರದ ಆಸುಪಾಸು. ಕ್ಯಾಲಿಬ್ರೇಟರ್ ಬಿಟ್ಟು ಮೀಟರ್ ಮಾತ್ರ ತಗೋಬೇಡಿ. ಮೀಟರು ಸರಾಸರಿ ಹಾಕಿ ತೋರಿಸೋದು, ಸ್ಲೋ ಅಂದ್ರೆ ಒಂದು ಸೆಕೆಂಡು, ಫಾಸ್ಟ್ ಅಂದ್ರೆ 125 ಮಿಲಿಸೆಕೆಂಡು, ಚಂಡೆಯ ಬಿಡಿ ಪೆಟ್ಟು ಎರಡಕ್ಕಿಂತ್ಲೂ ಚಿಕ್ಕದು, ಹಂಗಾಗಿ ಸ್ಲೋದಲ್ಲಿ 88 ಅಂತ ತಣ್ಣಗೆ ತೋರಿಸ್ತಿರೋವಾಗ ಮುಂದಿನ ಸಾಲಿನ ಮಕ್ಕಳು ಕಿವಿ ಮುಚ್ಕೊಂಡಿರ್ತಾರೆ. ನಾನು ಮೀಟರ್ ನೋಡೋಕಿಂತ ಮೊದ್ಲು ಆ ಮಕ್ಕಳನ್ನ ನೋಡ್ತೀನಿ.

ಈಗ ಲೆಕ್ಕ. ಬಯಲಲ್ಲಿ ದೂರ ಡಬಲ್ ಆದಾಗೆಲ್ಲ 6 ಡಿಬಿ ಬೀಳತ್ತೆ. ಬಾಕ್ಸಿಂದ 4 ಮೀಟರಲ್ಲಿ ಮುಂದಿನ ಸಾಲು, 64 ಮೀಟರಲ್ಲಿ ಹಿಂದಿನ ಸಾಲು ಅಂದ್ರೆ 24 ಡಿಬಿ ಹೋಯ್ತು. ಹಿಂದೆ 78 ಕೊಡೋಕೆ ಮುಂದೆ 102 ಹಾಕಬೇಕು, ಅದು ಕಿವಿಗೆ ಹೊಡೆತ. ಅದಕ್ಕೇ ರಂಗಸ್ಥಳದ ಹತ್ರ ಎರಡು ಸಣ್ಣ ಬಾಕ್ಸು, ಮಧ್ಯಕ್ಕೊಂದು ಜೋಡಿ, ಹಿಂದಕ್ಕೊಂದು ಜೋಡಿ, ಡಿಲೇ ಹಾಕಿ (ಅಂದ್ರೆ ಮುಂದಿನ ಸೌಂಡ್ ಬಂದು ಮುಟ್ಟೋವರೆಗೆ ಹಿಂದಿನ ಬಾಕ್ಸ್ ತಡೆದು). 17 ಮೀಟರಿಗೆ 50 ಮಿಲಿಸೆಕೆಂಡು, ಅದರ ಮೇಲೆ ಇನ್ನೊಂದು ಹತ್ತು-ಹದಿನೈದು ಸೇರಿಸಿದ್ರೆ ಭಾಗವತರ ಸ್ವರ ಪಕ್ಕದ ಕಂಬದಿಂದ ಅಲ್ಲ, ರಂಗಸ್ಥಳದಿಂದಲೇ ಬಂದಂಗೆ ಕೇಳತ್ತೆ. ರಾತ್ರಿ ಚಳಿ ಬಂದ್ರೆ ಡಿಲೇ ಮತ್ತೆ ಸೆಟ್ ಮಾಡ್ಬೇಕು ಅಂತ ಹೆದರಿಸ್ತಾರೆ, ಹತ್ತು ಡಿಗ್ರಿ ಇಳಿದ್ರೂ ಈ ದೂರಕ್ಕೆ ಒಂದು ಮಿಲಿಸೆಕೆಂಡೂ ವ್ಯತ್ಯಾಸ ಬರಲ್ಲ, ಬಿಟ್ಟಾಕಿ. ಈಗ ಮುಂದೆ 86-87, ಹಿಂದೆ 80 ಸಿಗ್ತಿದೆ. ಬಾಕ್ಸ್ ಎಷ್ಟು ಬಗ್ಗಿಸ್ತೀನಿ, ಪದ್ಯಕ್ಕೆ 2ರಿಂದ 4 ಕಿಲೋಹರ್ಟ್ಸ್ ಒಳಗೆ ಏನು ಮಾಡ್ತೀನಿ ಅನ್ನೋದು ನನ್ನ ಹತ್ರಾನೇ ಇರ್ಲಿ. ಕಿವಿ ಅತಿ ಚುರುಕಾಗಿರೋದೇ ಆ ಜಾಗದಲ್ಲಿ ಅಂತ 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಅನ್ನೋ ಸಂಶೋಧಕರು ಗ್ರಾಫ್ ಹಾಕಿ ತೋರಿಸಿದಾರೆ, ಅಷ್ಟು ಸುಳಿವು ಸಾಕು.

ಬಾಸ್ ವಿಷಯ ಬೇರೇನೇ. ಒಂದೂರಲ್ಲಿ ಗದ್ದೆಯಾಚೆ ಮನೆಯವರು ನಿದ್ದೆ ಇಲ್ಲ ಅಂತ ಬಂದ್ರು. ಅವರ ಜಗಲೀಲಿ ಅಳೆದ್ರೆ ಎ ವೇಟಿಂಗಲ್ಲಿ (ಬಾಸ್ ಕಮ್ಮಿ ಮಾಡಿ ಅಳೆಯೋ ಸೆಟ್ಟಿಂಗ್) ನಂಬರ್ ಚೆನ್ನಾಗೇ ಇತ್ತು, ಸಿ (ಬಾಸನ್ನ ಹೆಚ್ಚುಕಮ್ಮಿ ಹಂಗೇ ಅಳೆಯೋದು) ಹಾಕಿದ್ರೆ ಹದಿನೈದು ಡಿಬಿ ಹತ್ರ ಮೇಲೆ. ಎ ವೇಟಿಂಗ್ 100 ಹರ್ಟ್ಸ್‌ನ 19 ಡಿಬಿ ಕಮ್ಮಿ ಮಾಡಿ ಲೆಕ್ಕ ಹಾಕತ್ತೆ, 50ನ 30 ಡಿಬಿ. ಆದ್ರೆ ಗೋಡೆ, ಕಿಟಕಿ ದಾಟಿ ಒಳಗೆ ಹೋಗೋದು ಅದೇ. ಪದ್ಯ, ಮಾತುಗಾರಿಕೆ ಎಲ್ಲದಕ್ಕೂ 120 ಹರ್ಟ್ಸ್ ಕೆಳಗೆ ಕಟ್ ಮಾಡ್ದೆ, ಮದ್ದಳೆ ಒಂದನ್ನ ಬಿಟ್ಟೆ, ಸಬ್ (ಬಾಸ್‌ಗೆ ಅಂತಿರೋ ದೊಡ್ಡ ಬಾಕ್ಸ್) ಗಾಡೀಲೇ ಉಳೀತು. ಆಮೇಲೆ ಅವರು ಬರ್ಲಿಲ್ಲ. ಇನ್ನೊಂದು, ಹೊತ್ತು ಮುಳುಗಿದ್ಮೇಲೆ ನೆಲದ ಹತ್ರ ಗಾಳಿ ತಣ್ಣಗಾಗಿ ಮೇಲಿನದು ಬೆಚ್ಚಗಿದ್ರೆ ಸೌಂಡ್ ಬಗ್ಗಿ ಕೆಳಗೇ ಬರತ್ತೆ, ಫೇಡರ್ ಮುಟ್ಟದೇ ಇದ್ರೂ ದೂರದ ಮನೇಲಿ ಜಾಸ್ತಿ ಕೇಳತ್ತೆ. ಅದಕ್ಕೆ ಹನ್ನೊಂದರ ಮೇಲೆ ಹಿಂದಿನ ಜೋಡಿ 2-3 ಡಿಬಿ ಇಳಿಸ್ತೀನಿ, ಯಾಕೆ ಕಮ್ಮಿ ಆಯ್ತು ಅಂತ ಇವತ್ತಿನವರೆಗೆ ಒಬ್ರೂ ಕೇಳಿಲ್ಲ.

ಶಬ್ದ ಮಾಲಿನ್ಯದ ರೂಲ್ ಪ್ರಕಾರ ಆಟದ ಜಾಗದ ಗಡೀಲಿ ಆ ಏರಿಯಾದ ಮಿತಿ ಮೇಲೆ 10 ಡಿಬಿ ಅಥವಾ 75, ಯಾವ್ದು ಕಮ್ಮಿಯೋ ಅದು. ವಸತಿ ಪ್ರದೇಶದಲ್ಲಿ ಹಗಲಿಗೆ 55 ಅಂದ್ರೆ ಗಡೀಲಿ 65 ಅಷ್ಟೇ. ಹಳೇ ಹಾರ್ನ್ ಸೆಟ್ಟಲ್ಲಿ ಅದರ ಆಸೆನೇ ಇರ್ಲಿಲ್ಲ, ಈಗ ದೊಡ್ಡ ಬಯಲಾದ್ರೆ ಹತ್ರ ಬರ್ತಿದೆ, ಸಣ್ಣ ದೇವಸ್ಥಾನದ ಅಂಗಳದಲ್ಲಿ ಇನ್ನೂ ಆಗ್ತಿಲ್ಲ. ಹಾರ್ನ್‌ಗಳನ್ನ ಮಾರಿ ಬಂದ ದುಡ್ಡಲ್ಲಿ ಕೇಬಲ್ ತಗೊಂಡೆ. ಮೇಳ ತಿರುಗಾಟಕ್ಕೆ ಹೊರಡೋದ್ರೊಳಗೆ ಅಂಗಳಕ್ಕೆ ಅಂತ ಆರು ಇಂಚಿನ ಬಾಕ್ಸ್ ನಾಲ್ಕು ಮಾಡಿಸ್ತಿದೀನಿ, ಕಾರ್ಪೆಂಟರ್ ಅಡ್ವಾನ್ಸ್ ತಗೊಂಡಿದಾನೆ.