ನಿಮ್ಮ ಮೈ ಎಷ್ಟು ಓಡಾಡುತ್ತದೆ? ವಾರದ ಲೆಕ್ಕ ಹಾಕುವುದು ಹೀಗೆ

ಜಗತ್ತಿನ ವಯಸ್ಕರಲ್ಲಿ ಶೇ 31ರಷ್ಟು ಮಂದಿಯ ಮೈಗೆ ಸಾಕಷ್ಟು ಚಟುವಟಿಕೆ ಇಲ್ಲ. ಇದು ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜು. ಭಾರತದಲ್ಲಿ ಸುಮಾರು ಶೇ 49, ಅಂದರೆ ಹತ್ತಿರಹತ್ತಿರ ಅರ್ಧದಷ್ಟು ಜನ! 2000ದಲ್ಲಿ ಶೇ 22 ಮಾತ್ರ ಇತ್ತು. 2016ರ ಅಂದಾಜಿನಲ್ಲಿ ಕುವೈತ್ ಶೇ 67ರಲ್ಲಿತ್ತು, ಉಗಾಂಡಾ ಶೇ 5.5ರಲ್ಲಿ. ಉಗಾಂಡಾದವರೆಲ್ಲ ಜಿಮ್‌ಗೆ ಹೋಗುತ್ತಾರೆ ಅಂತಲ್ಲ. ಹೆಚ್ಚಿನವರದು ಹೊಲದ ದುಡಿಮೆ, ಕಾಲ್ನಡಿಗೆಯ ಬದುಕು.

ಅದೇ ಅಳತೆಯಲ್ಲಿ, ಅಂದರೆ ವಾರಕ್ಕೆ ಕನಿಷ್ಠ 150 ನಿಮಿಷದ ಲೆಕ್ಕದಲ್ಲಿ, ನಿಮ್ಮ ವಾರವನ್ನೂ ಅಳೆಯಬಹುದು. ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಕೆಲಸ, ಓಡಾಟ, ಬಿಡುವು. ಮನೆಗೆಲಸ ‘ಕೆಲಸ’ದ ಕೆಳಗೇ ಬರುತ್ತದೆ.

ಯಾವ ನಿಮಿಷ ಬರೆಯಬೇಕು? ಉಸಿರು, ಎದೆಬಡಿತ ಸ್ವಲ್ಪ ಏರಿದ್ದು ಮಾತ್ರ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಎರಡು ಮಾತಿಗೇ ಏದುಸಿರು ಬಂದರೆ ಆ ನಿಮಿಷ ಒಂದಕ್ಕೆ ಎರಡು. ಸತತ ಹತ್ತು ನಿಮಿಷ ಆಗಲೇಬೇಕು ಎಂಬ ಹಳೇ ಷರತ್ತು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ ಇಲ್ಲ. ಹಾಗಾಗಿ ಬಿರುಸಾಗಿ ಮೆಟ್ಟಿಲು ಹತ್ತಿದ್ದನ್ನೂ ಬರೆಯಿರಿ.

ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಬೈಕ್ ಮೇಲೆ ಬೆವರಿದ್ದು ಲೆಕ್ಕಕ್ಕಿಲ್ಲ! ಮನೆಯಿಂದ ಮೆಟ್ರೊ ಸ್ಟೇಷನ್‌ಗೆ 12 ನಿಮಿಷ ಬಿರುಸಾಗಿ ನಡೆದರೆ ಹೋಗಿ ಬರುವುದಕ್ಕೆ 24. ಐದು ದಿನಕ್ಕೆ 120. ಭಾನುವಾರ ಲಾಲ್‌ಬಾಗ್‌ನಲ್ಲಿ ಅರ್ಧ ಗಂಟೆ ಸೇರಿಸಿ (ಬೆಂಚಿನ ಮೇಲೆ ಹರಟೆ ಹೊಡೆದದ್ದು ಬಿಟ್ಟು), 150 ಆಯಿತು. ವಾರಕ್ಕೆ ಕನಿಷ್ಠ ಬೇಕಾದದ್ದು ಅಷ್ಟೇ.

ಹೆಂಗಸರ ಹಾಳೆ ಮಾತ್ರ ತಾಳ್ಮೆಯಿಂದ ತುಂಬಬೇಕು. ಭಾರತದಲ್ಲಿ ಸಾಕಷ್ಟು ಚಟುವಟಿಕೆ ಇಲ್ಲದ ಗಂಡಸರು ಶೇ 42, ಹೆಂಗಸರು ಶೇ 57. ಒಲೆ ಮುಂದೆ ನಿಂತದ್ದು, ಕೂತು ತರಕಾರಿ ಹೆಚ್ಚಿದ್ದು ಸುಸ್ತು ಮಾಡುತ್ತದೆ, ಆದರೆ ಉಸಿರು ಏರಿಸುವುದಿಲ್ಲ. ಕುಕ್ಕರಗಾಲಲ್ಲಿ ನೆಲ ಒರೆಸಿದ್ದು, ಬೆಡ್‌ಶೀಟ್ ಒಗೆದು ಹಿಂಡಿದ್ದು, ನೀರು ಬಾರದ ದಿನ ಎರಡನೇ ಮಹಡಿಗೆ ಬಿಂದಿಗೆ ಹೊತ್ತದ್ದು ಖಂಡಿತ ಬರೆಯಿರಿ. ಈ ಶೇ 57ನ್ನು ಸೋಮಾರಿತನ ಅಂತ ಓದುವುದು ಅನ್ಯಾಯ. ಬೆಳಿಗ್ಗೆ ಡಬ್ಬಿ ಕಟ್ಟುವವರಿಗೆ ವಾಕಿಂಗ್‌ಗೆ ಬಿಡುವೆಲ್ಲಿ, ಅಲ್ವಾ?

ಕಡಿಮೆ ಬಿದ್ದರೆ ‘ಓಡಾಟ’ದ ಕಾಲಂನಲ್ಲೇ ಹುಡುಕಿ. ಒಂದು ಸ್ಟಾಪ್ ಮೊದಲೇ ಬಸ್ ಇಳಿಯಿರಿ. ಫುಟ್‌ಪಾತ್ ಇರುವ ಕಡೆ ಇಳಿದರೆ ಒಳ್ಳೇದು, ಇಲ್ಲದಿದ್ದರೆ ಒಳರಸ್ತೆ ಹಿಡಿಯಿರಿ.

ಮಕ್ಕಳ ಲೆಕ್ಕ ಬೇರೆ: ದಿನಕ್ಕೆ ಸರಾಸರಿ 60 ನಿಮಿಷ. 11ರಿಂದ 17 ವರ್ಷದವರಲ್ಲಿ ಜಗತ್ತಿನಾದ್ಯಂತ ಶೇ 81 ಮಂದಿ ಇದನ್ನು ಮುಟ್ಟುತ್ತಿಲ್ಲ. ಅವರಿಗೂ ಒಂದು ಹಾಳೆ ಕೊಡಿ. ಸ್ಕೂಲ್ ವ್ಯಾನ್‌ನಲ್ಲಿ ಕೂತ ಹೊತ್ತು ಸೇರಿಸಬೇಡಿ.