ಹಾಳು ಮನೆಯ ಕಟ್ಟೆಯ ಕೆಳಗಿದ್ದ ಚಾರಾಣೆ

ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನಲ್ಲಿ ನಮ್ಮ ಮುತ್ತಜ್ಜ ಕಟ್ಟಿಸಿದ ಮಾಳಿಗೆ ಮನೆ ಇದೆ. ಇದೆ ಅನ್ನೋದಕ್ಕಿಂತ, ಇತ್ತು. ಮಾಳಿಗೆ ಕುಸಿದು ಬಹಳ ವರ್ಷ ಆಯ್ತು. ಈಗ ಉಳಿದಿರೋದು ಕೆಂಪು ಕಲ್ಲಿನ ಗೋಡೆ, ಹೊಸ್ತಿಲು, ಬಾಗಿಲ ಮುಂದಿನ ಕಟ್ಟೆ, ಹಿಂದೆ ಮಣ್ಣು ತುಂಬಿದ ಹಗೇವು, ಅಂದರೆ ಕಾಳು ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ. ಎರಡು ವರ್ಷದಿಂದ ರಜೆ ಸಿಕ್ಕಾಗಲೆಲ್ಲ ಮೆಟಲ್ ಡಿಟೆಕ್ಟರ್ ಹಿಡಿದು ಅಲ್ಲಿಗೆ ಹೋಗುತ್ತಿದ್ದೇನೆ.

ಮೊದಲು ಮಾಡಿದ ಕೆಲಸ ಒಪ್ಪಿಗೆ ಪಡೆದದ್ದು. ಜಾಗದಲ್ಲಿ ಮೂವರು ಕಾಕಾಗಳ ಪಾಲಿದೆ. ಮೂವರ ಸಹಿಯನ್ನೂ ಒಂದು ಕಾಗದದ ಮೇಲೆ ಹಾಕಿಸಿಕೊಂಡೆ. ಮೊದಲ ದಿನವೇ ಪಕ್ಕದ ಮನೆಯ ಹಿರಿಯರು ಬಂದು, "ಏನ್ ಹುಡ್ಕಲತ್ತೀ ತಮ್ಮಾ? ನಿಧಿ ಏನು?" ಅಂತ ಕೇಳಿದರು. ನಿಧಿಯ ಆಸೆಗೆ ಗುಡಿಯ ನಂದಿಯನ್ನೇ ಕಿತ್ತು ಹಾಕುವವರು ಇರುವಾಗ ಆ ಅನುಮಾನ ತಪ್ಪಲ್ಲ. ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಅಗೆದೆ. ಆಮೇಲೂ ಹಗಲು ಹೊತ್ತು, ನಾಲ್ಕು ಜನರ ಎದುರೇ ಕೆಲಸ.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೀದರ್ ಕೋಟೆ, ಕಲಬುರಗಿ ಕೋಟೆ, ಸನ್ನತಿಯಂಥ ಕಡೆ ಈ ಯಂತ್ರ ಹಿಡಿದು ಹೋಗಲೇಬೇಡಿ. ಸಂರಕ್ಷಿತ ಸ್ಮಾರಕದಲ್ಲಿ ಅನುಮತಿ ಇಲ್ಲದೆ ಅಗೆಯೋದು ಅಪರಾಧ. ಸ್ವಂತ ಜಾಗದಲ್ಲೇ ಆದರೂ ಹುದುಗಿಸಿಟ್ಟ ಗಂಟು, ಗಡಿಗೆ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನನಗೆ ಗಡಿಗೆ ಏನೂ ಸಿಗಲಿಲ್ಲ. ಆದರೂ ಸಿಕ್ಕ ಬಿಡಿ ನಾಣ್ಯಗಳ ಪಟ್ಟಿ ಬರೆದು ತಹಸೀಲ್ದಾರ್ ಕಚೇರಿಗೆ ಕೊಟ್ಟಿದ್ದೇನೆ.

ಮಣ್ಣಿನ ವಿಷಯದಲ್ಲಿ ಜಾಸ್ತಿ ಕಲಿಯಬೇಕಾಯ್ತು. ನಮ್ಮದು ಜಂಬಿಟ್ಟಿಗೆ ಕಲ್ಲಿನ ನೆಲ. ಅದರಲ್ಲಿ ಕಬ್ಬಿಣದ ಅಂಶ ತುಂಬಾ. ಯಂತ್ರ ಆನ್ ಮಾಡಿದ ಕೂಡಲೇ ಖಾಲಿ ನೆಲದ ಮೇಲೂ ಕಿರಿಕಿರಿ ಸದ್ದು. ಲೋಹ ಇಲ್ಲದ ಜಾಗ ನೋಡಿ, ಕಾಯಿಲ್ ಅನ್ನು (ಯಂತ್ರದ ತುದಿಯ ದುಂಡನೆಯ ತಟ್ಟೆ) ನೆಲದ ಹತ್ತಿರ ಮೇಲೆ ಕೆಳಗೆ ಆಡಿಸುತ್ತಾ ಸದ್ದು ಅಡಗುವ ತನಕ ಗ್ರೌಂಡ್ ಬ್ಯಾಲೆನ್ಸ್, ಅಂದರೆ ಯಂತ್ರವನ್ನು ಆ ಮಣ್ಣಿಗೆ ಹೊಂದಿಸೋ ಕೆಲಸ, ಮಾಡಬೇಕು. ಸೆನ್ಸಿಟಿವಿಟಿ (ಯಂತ್ರದ ಸೂಕ್ಷ್ಮತೆ) ಇಳಿಸಬೇಕು. ಆಳ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಸಿಗ್ನಲ್ ನಂಬಬಹುದು. ಸಣ್ಣ ಕಾಯಿಲ್ ಹಾಕಿದ ಮೇಲೆ ಮೊಳೆಗಳ ನಡುವಿನ ನಾಣ್ಯವೂ ಬೇರೆಯಾಗಿ ಕೇಳಿಸತೊಡಗಿತು. ಒಂದೇ ದಿಕ್ಕಿನಿಂದ ಚೆನ್ನಾಗಿ ಕೇಳಿಸಿದ ಸದ್ದನ್ನು ನಂಬಬೇಡಿ. ಅಡ್ಡ ತಿರುಗಿ ನಿಂತು ಇನ್ನೊಮ್ಮೆ ಬೀಸಿ. ಎರಡೂ ಕಡೆಯಿಂದ ಒಂದೇ ಥರ ಬಂದರೆ ಮಾತ್ರ ಅಗೆಯಿರಿ.

ಬರೋದೆಲ್ಲ ನಾಣ್ಯ ಅಲ್ಲ. ಗುಟ್ಕಾ ಚೀಟಿಯೊಳಗಿನ ತೆಳು ಲೋಹದ ಹಾಳೆಯೂ ಸದ್ದು ಮಾಡುತ್ತದೆ. ದನದ ಕೊಟ್ಟಿಗೆಯಲ್ಲಿ ಎತ್ತಿನ ಲಾಳ ಒಂಬತ್ತು ಸಿಕ್ಕವು. ಎತ್ತಿನ ಗೊರಸು ಸೀಳಿರುವುದರಿಂದ ಒಂದು ಕಾಲಿಗೆ ಎರಡು ಬಿಲ್ಲೆ. ಒಂದರಲ್ಲಿ ಮೊಳೆ ಇನ್ನೂ ಕಚ್ಚಿಕೊಂಡೇ ಇತ್ತು.

ಚಾರಾಣೆ, ಅಂದರೆ ನಾಲ್ಕಾಣೆ ನಾಣ್ಯ, ಸಿಕ್ಕದ್ದು ಕಟ್ಟೆಯ ಬುಡದಲ್ಲಿ, ಗೇಣುದ್ದ ಆಳದಲ್ಲಿ. ಮಣ್ಣಿನ ಹೆಂಟೆ ಒಡೆದಾಗ ಕಪ್ಪಗಿನ ಅಂಚು ಕಂಡಿತು. ಬೆರಳಿಂದ ತಿಕ್ಕಲಿಲ್ಲ. ಯಾಕಂದರೆ ಅದಕ್ಕೂ ಮುಂಚೆ ಸಿಕ್ಕಿದ್ದ ಎರಡು ಪೈ ನಾಣ್ಯವನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಹಾಳು ಮಾಡಿದ್ದೆ. ಕಿಲುಬಿನ ಜೊತೆ ಅಕ್ಷರಗಳೂ ಹೋದವು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಗಟ್ಟಿಯಾಗಿ ಕೂತ ಹಸಿರು ಪದರವೇ ತಾಮ್ರಕ್ಕೆ ರಕ್ಷಣೆ, ಅದನ್ನು ಕೀಳಬಾರದು. ಚಾರಾಣೆಯನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಎರಡು ದಿನ ನೆನೆಸಿಟ್ಟು, ಬಿದಿರು ಕಡ್ಡಿಯಿಂದ ಮೆಲ್ಲಗೆ ಮಣ್ಣು ಬಿಡಿಸಿದೆ.

ಚಾರ್‌ಮಿನಾರ್ ಕಾಣಿಸಿತು. ಅದರ ಬಾಗಿಲಲ್ಲಿ ಒಂದು ಅಕ್ಷರ. ಊರಿನ ಉರ್ದು ಮಾಸ್ತರರಿಗೆ ತೋರಿಸಿದೆ. "ಇದು ಐನ್. ಉಸ್ಮಾನ್ ಅಲಿ ಖಾನ್ ಹೆಸರಿನ ಮೊದಲನೇ ಅಕ್ಷರ" ಅಂದರು. ಅವರು ಹೈದರಾಬಾದಿನ ಕೊನೆಯ ನಿಜಾಮ. ಇಸವಿ ಮುಸ್ಲಿಮರ ಹಿಜರಿ ಪಂಚಾಂಗದಲ್ಲಿದೆ. 134ರ ತನಕ ಓದಲು ಬಂತು, ಕೊನೆಯ ಅಂಕಿ ಸವೆದಿದೆ. ಅಂದರೆ ಹಿಜರಿ 1340ರಿಂದ 1349, ನಮ್ಮ ಲೆಕ್ಕದಲ್ಲಿ 1921ರಿಂದ 1931ರ ನಡುವಿನದು. ಅಕ್ಕಸಾಲಿಗರ ತಕ್ಕಡಿಯಲ್ಲಿ ಎರಡೂಮುಕ್ಕಾಲು ಗ್ರಾಂ ತೂಗಿತು.

ಅದೇ ಕಟ್ಟೆಯ ಬುಡದಲ್ಲಿ, ಒಂದು ಮೊಳ ಆಚೆ, ಬ್ರಿಟಿಷರ ತೂತಿನ ಪೈಸೆಯೂ ಸಿಕ್ಕಿತು. 1943ರಿಂದ 1947ರ ತನಕ ಬಂದ ನಾಣ್ಯ ಅದು. ನಮ್ಮ ಊರು ಆಗ ನಿಜಾಮರದು, ಅವರ ನಾಣ್ಯವೇ ಬೇರೆ, ಇದು ಇಲ್ಲಿಗೆ ಹೇಗೆ ಬಂತು? ಆಯಿಯನ್ನು (ನಮ್ಮ ಅಜ್ಜಿ) ಕೇಳಿದೆ. "ನಿಮ್ಮಜ್ಜ ತೊಗರಿ ಗಾಡಿ ಹೊಡ್ಕೊಂಡು ಸೋಲಾಪುರಕ್ಕ ಹೋಗ್ತಿದ್ದ. ಬರಬೇಕಾದ್ರ ಕಲ್ದಾರ ತರ್ತಿದ್ದ. ಹಾಲಿ ಏಳಕ್ಕ ಕಲ್ದಾರ ಆರು" ಅಂದಳು. ಸೋಲಾಪುರ ಆಗ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಹಾಲಿ ಅಂದರೆ ನಿಜಾಮರ ರೂಪಾಯಿ, ಹಾಲಿ ಸಿಕ್ಕಾ, ಕಲ್ದಾರ ಅಂದರೆ ಬ್ರಿಟಿಷರ ರೂಪಾಯಿ. ಏಳಕ್ಕೆ ಆರು ಅನ್ನೋದೇ ಅಧಿಕೃತ ದರವೂ ಆಗಿತ್ತು. ತೊಂಬತ್ತು ದಾಟಿದ ಆಯಿಗೆ ಆ ಲೆಕ್ಕ ಇನ್ನೂ ಬಾಯಲ್ಲೇ ಇದೆ. ಗಾಡಿ ಇಳಿಸಿ ಅಜ್ಜ ರೊಕ್ಕ ಎಣಿಸುತ್ತಿದ್ದದ್ದು ಎಲ್ಲಿ ಅಂತ ಕೇಳಿದೆ. "ಮತ್ತೆಲ್ಲಿ, ಕಟ್ಟಿ ಮ್ಯಾಲ" ಅಂದಳು.

ಅಂದಿನಿಂದ ಪ್ರತಿ ವಸ್ತುವಿಗೂ ಒಂದು ಕಾಗದದ ಲಕೋಟೆ. ಮೇಲೆ ತಾರೀಖು, ಆಳ, ಹೊಸ್ತಿಲಿನಿಂದ ಎಷ್ಟು ಅಡಿ, ಯಾವ ದಿಕ್ಕು ಅಂತ ಬರೆದಿಡುತ್ತೇನೆ. ಮೊದಲ ದಿನಗಳಲ್ಲಿ ಸಿಕ್ಕ ನಾಲ್ಕು ನಾಣ್ಯಕ್ಕೆ ಹೀಗೆ ಬರೆದಿಲ್ಲ. ಅವು ಕಟ್ಟೆಯವೋ ಹಿತ್ತಲಿನವೋ ಈಗ ಹೇಳಲು ಆಗಲ್ಲ.

ಹೊಸ್ತಿಲ ಕೆಳಗೂ ಜೋರಾದ ಸಿಗ್ನಲ್ ಇದೆ. ಮನೆ ಕಟ್ಟುವಾಗ ಪೂಜೆಗೆ ಇಟ್ಟದ್ದಿರಬೇಕು. ಅದನ್ನು ಮುಟ್ಟಬೇಡ ಅಂದಿದ್ದಾಳೆ ಆಯಿ. ಮುಟ್ಟಿಲ್ಲ. ಹಗೇವಿನ ಸುತ್ತಲಿನ ಜಾಗ ಬಾಕಿ ಇದೆ, ಮೊದಲ ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಅಲ್ಲಿ ಶುರು ಮಾಡುತ್ತೇನೆ.